ಮೇಡಂ ಕಿವಿಯೊಳಗಿನ ಹಾಡು

ಮೇಡಂ ತಮ್ಮ ಹಾಡಿನ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಹೋದದ್ದೇ ಇಷ್ಟಕ್ಕೆಲ್ಲ ಕಾರಣ.

ಗ್ರಂಥಾಲಯದ ನೆಲಮಾಳಿಗೆಯ ಪುಸ್ತಕ ದುರಸ್ತಿ ವಿಭಾಗದಲ್ಲಿ ಆ ಡಬ್ಬಿಯನ್ನು ಮೇಡಂ ಅವರಿಂದ ಬೇರೆಯಾಗಿ ನೋಡಿದವರು ಯಾರೂ ಇರಲಿಲ್ಲ. ಸಾಬೂನಿನ ಬಿಲ್ಲೆಯಷ್ಟು ದಪ್ಪದ, ಒಂದು ಕಾಲಕ್ಕೆ ಬೆಳ್ಳಗಿದ್ದು ಈಗ ಹಳದಿಗೆ ತಿರುಗಿದ ಹಳೇ ಪ್ಲೇಯರ್. ಬೆಳಿಗ್ಗೆ ಹತ್ತಕ್ಕೆ ಮೇಡಂ ಕುರ್ಚಿಯಲ್ಲಿ ಕೂತು ಇಯರ್‌ಫೋನ್ ಸಿಕ್ಕಿಸಿಕೊಂಡರೆಂದರೆ ಮುಗಿಯಿತು. ಸಂಜೆ ಐದರವರೆಗೆ ಅವರ ಕಿವಿ ಅವರದು, ಉಳಿದವರ ಬಾಯಿ ಉಳಿದವರದು. ಅವರ ಎದುರಿಗೇ ಯಾರು ಏನು ಬೇಕಾದರೂ ಮಾತಾಡಬಹುದಿತ್ತು, ಮಾತಾಡುತ್ತಲೂ ಇದ್ದರು. ಆದರೆ ಇವತ್ತು ಮೇಡಂಗೆ ಮೇಲಿನ ಮಹಡಿಯಲ್ಲಿ ನಾಲ್ಕು ಗಂಟೆಯವರೆಗೂ ಸಭೆ. ದೊಡ್ಡವರ ಮುಂದೆ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತರೆ ಚೆನ್ನಾಗಿರುವುದಿಲ್ಲ ಎಂದು ಡಬ್ಬಿಯನ್ನು ಇಲ್ಲೇ ಇಟ್ಟು ಹೋಗಿದ್ದರು.

ಅವರ ಕೈಕೆಳಗಿನ ಮೂವರೂ ಮೇಜಿನ ಸುತ್ತ ನಿಂತು ಅದನ್ನು ನೋಡಿದರು. ಒಬ್ಬ ಪುಸ್ತಕದ ಹಾಳೆ ಹೊಲಿಯುವವನು. ಕೆಲಸದಿಂದಲೂ ಮೈಕಟ್ಟಿನಿಂದಲೂ ಅವನಿಗೆ ‘ಸೂಜಿ’ ಎಂದೇ ಹೆಸರಾಗಿತ್ತು. ಇನ್ನೊಬ್ಬ ಅಂಟು ಕಲಸಿ ರಟ್ಟು ಹಚ್ಚುವ ಅಂಟಪ್ಪ. ಮೂರನೆಯವಳು ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಅಕ್ಷರ ಒತ್ತುವ ಬಂಗಾರಕ್ಕ.

“ಅದ್ರಲ್ಲಿ ಏನಿರುತ್ತೆ ಅಂತೀರಿ?” ಎಂದಳು ಬಂಗಾರಕ್ಕ. “ಒಂದೊಂದ್ಸಲ ಒಬ್ರೇ ನಗ್ತಾರೆ. ಆ ನಗು ನೋಡಿದ್ರೆ ಪ್ರೇಮಗೀತೆನೇ.”

“ಪ್ರೇಮಗೀತೆ ಕೇಳೋ ಮುಖನಾ ಅದು? ಯಾರೋ ಭಾಷಣ ಮಾಡಿರ್ತಾರೆ ಅಷ್ಟೇ,” ಎಂದ ಅಂಟಪ್ಪ.

ಸೂಜಿಯ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಮೇಲಿನ ಮಹಡಿಯಲ್ಲಿ ಹಸ್ತಪ್ರತಿಗಳ ಕೋಣೆಯಿದೆ. ಅಲ್ಲಿ ಕಿಟಕಿಯ ಪಕ್ಕ ಒಂದು ಮೇಜು ಖಾಲಿಯಾಗಿದೆ. ಬಿಸಿಲು, ಗಾಳಿ, ಮರ, ಕಿಟಕಿಯಾಚೆ ಹೋಗಿಬರುವ ಜನ! ಒಂಬತ್ತು ವರ್ಷ ಟ್ಯೂಬ್‌ಲೈಟಿನ ಕೆಳಗೆ ಕೂತು ದಾರ ಪೋಣಿಸಿದವನಿಗೆ ಆ ಕಿಟಕಿ ಸ್ವರ್ಗವಾಗಿ ಕಾಣುತ್ತಿತ್ತು. ಅವನನ್ನು ಕಳಿಸಬೇಕೋ ಬೇಡವೋ ಎಂದು ಮೇಡಂ ಬರೆದುಕೊಡಬೇಕು, ಆ ಕಾಗದ ಇವತ್ತು ಸಂಜೆಯೇ ಮೇಲಕ್ಕೆ ಹೋಗಬೇಕು.

ಸೂಜಿ ಡಬ್ಬಿ ಎತ್ತಿ ಗುಂಡಿ ಒತ್ತಿದ. ಜೀವವಿಲ್ಲ. “ಚಾರ್ಜ್ ಮುಗಿದಿರ್ಬೇಕು. ಇದ್ರೊಳಗೆ ಗಿರಗಿರ ತಿರುಗೋ ಡಿಸ್ಕ್ ಇರುತ್ತೆ. ಇಷ್ಟು ಹಳೇದು ಯಾವ ಗಳಿಗೆಲಿ ಕೈ ಕೊಡುತ್ತೋ ಹೇಳಕ್ಕಾಗಲ್ಲ. ಅದನ್ನ ತೆಗೆದು ಒಂದು ಮೆಮೊರಿ ಕಾರ್ಡ್ ಕೂರಿಸಿದ್ರೆ ತಿರುಗೋದೂ ಇಲ್ಲ, ಸವೆಯೋದೂ ಇಲ್ಲ. ಜನ್ಮಕ್ಕಾಗುತ್ತೆ.”

“ಹಾಗಾದ್ರೆ ಕೂರಿಸೇ ಬಿಡು ಮಾರಾಯ!” ಅಂಟಪ್ಪ ಅವನ ಬೆನ್ನಿಗೊಂದು ಗುದ್ದಿದ. “ಖುಷಿಯಾಗಿ ಬರೆದುಕೊಡ್ತಾರೆ. ಕಿಟಕಿ ನಿಂದೇ.”

ಸೂಜಿಯ ಚೀಲದಲ್ಲಿ ಸಾಮಾನು ಸಿದ್ಧವಾಗಿಯೇ ಇತ್ತು. ಕಾರ್ಡು, ಅದನ್ನು ಕೂರಿಸುವ ಪುಟ್ಟ ಹಲಗೆ, ಹೊಸ ಬ್ಯಾಟರಿ ಎಲ್ಲವನ್ನೂ ತನ್ನದೇ ಹಳೇ ಪ್ಲೇಯರಿಗೆಂದು ತರಿಸಿದ್ದ. ಅವು ಬಂದು ಸೇರುವಷ್ಟರಲ್ಲಿ ಹೆಂಡತಿ ಆ ಪ್ಲೇಯರನ್ನೇ ಗುಜರಿಯವನಿಗೆ ದಾಟಿಸಿದ್ದಳು. ಪಾಪ, ಅಂದಿನಿಂದ ಆ ಸಾಮಾನನ್ನು ಎಸೆಯಲಾರದೆ ಹೊತ್ತು ತಿರುಗುತ್ತಿದ್ದ.

ಕಾಗದ ಮಡಿಸುವ ಚಪ್ಪಟೆ ಮೂಳೆಪಟ್ಟಿಯನ್ನು ಡಬ್ಬಿಯ ಸಂದಿಗೆ ತೂರಿಸಿ, ಹಳೇ ಪುಸ್ತಕದ ರಟ್ಟು ಬಿಡಿಸುವಷ್ಟೇ ನಾಜೂಕಾಗಿ ಸುತ್ತಲೂ ಎಬ್ಬಿಸಿದ. ಮುಚ್ಚಳ ತೆರೆಯಿತು. ಮೂರು ತಲೆಗಳು ಒಟ್ಟಿಗೆ ಬಗ್ಗಿ ಒಂದಕ್ಕೊಂದು ಡಿಕ್ಕಿ ಹೊಡೆದವು.

“ಇಷ್ಟೇನಾ? ಹಾಡೆಲ್ಲ ಎಲ್ಲಿದೆ?” ಎಂದಳು ಬಂಗಾರಕ್ಕ.

“ಇದ್ರಲ್ಲಿ,” ಎಂದು ಸೂಜಿ ಬೆಳ್ಳಿಬಣ್ಣದ ಡಿಸ್ಕನ್ನು ಬಿಡಿಸಿ ಅಂಟಪ್ಪನ ಕೈಗೆ ಕೊಟ್ಟ. “ಹುಷಾರು, ಸ್ವಲ್ಪ ಹಿಡ್ಕೊಂಡಿರು.”

ಮೂವತ್ತು ವರ್ಷ ಪುಸ್ತಕ ಹಿಡಿದ ಕೈ ಅದು. ಕೈಗೆ ಬಂದ ಹಾಳೆಯ ಕಟ್ಟನ್ನು ಮೇಜಿಗೆ ನಾಲ್ಕು ಸಲ ತಟ್ಟಿ ಅಂಚು ಸಮ ಮಾಡದೆ ಅಂಟಪ್ಪ ಯಾವತ್ತೂ ಕೆಳಗಿಟ್ಟವನಲ್ಲ. ಈಗಲೂ ಹಾಗೇ ಮಾಡಿದ. ಟಪ್, ಟಪ್, ತಿರುಗಿಸಿ ಮತ್ತೆ ಟಪ್, ಟಪ್.

“ಅಯ್ಯೋ ಪಾಪಿ! ಏನ್ಮಾಡ್ದೆ?” ಎಂದು ಸೂಜಿ ಕಿರುಚಿದ.

“ಸಮ ಮಾಡ್ದೆ,” ಎಂದ ಅಂಟಪ್ಪ. ಹೇಳಿದ ಮೇಲೆ ಅವನಿಗೂ ಹೊಳೆಯಿತು.

ಸೂಜಿ ಕಿತ್ತುಕೊಂಡು ಹೋಗಿ ಡಿಸ್ಕನ್ನು ಮೂಲೆಯ ಕಂಪ್ಯೂಟರಿಗೆ ಜೋಡಿಸಿದ. ಅದು ಎರಡು ಸಲ ‘ಟಿಕ್’ ಎಂದಿತು, ಆಮೇಲೆ ಸುಮ್ಮನಾಯಿತು. ತೆಗೆದು ಮತ್ತೆ ಚುಚ್ಚಿದ, ಬೇರೆ ತಂತಿ ಹಾಕಿ ನೋಡಿದ. ಪರದೆಯ ಮೇಲೆ ಒಂದು ಹಾಡಿನ ಹೆಸರೂ ಮೂಡಲಿಲ್ಲ. ಮೇಡಂ ಅವರ ಅಷ್ಟು ವರ್ಷದ ಹಾಡು ನಾಲ್ಕು ಏಟಿಗೆ ಮಣ್ಣುಪಾಲಾಯಿತು, ಜೊತೆಗೆ ತನ್ನ ಕಿಟಕಿಯೂ! ಕುರ್ಚಿಯಲ್ಲಿ ಕುಸಿದು ತಲೆ ಮೇಲೆ ಕೈ ಹೊತ್ತ.

“ಅಳ್ಬೇಡ್ವೋ,” ಎಂದಳು ಬಂಗಾರಕ್ಕ. “ನಾವೇ ತುಂಬಿಸಿದ್ರಾಯ್ತು. ಹಳೇ ಹಾಡುಗಳನ್ನೆಲ್ಲ ಯಾರು ನೆನಪಿಟ್ಕೊಂಡಿರ್ತಾರೆ? ನನ್ನ ಫೋನಲ್ಲಿ ಎಂಟುನೂರು ಪ್ರೇಮಗೀತೆ ಇದೆ.”

“ನನ್ನತ್ರ ಬ್ಯಾಂಡ್ ಸೆಟ್ ಇದೆ,” ಎಂದ ಅಂಟಪ್ಪ. ತಪ್ಪು ಮಾಡಿದವನ ಹುರುಪು ಅವನಿಗೆ ಬಂದಿತ್ತು. “ತುತ್ತೂರಿ, ತಮಟೆ ಎಲ್ಲಾ. ಬೆಳಿಗ್ಗೆ ಎದ್ದು ಕೇಳಿದ್ರೆ ಮೈ ಜುಮ್ಮನ್ನುತ್ತೆ.”

“ಮೇಡಂ ತುತ್ತೂರಿ ಕೇಳ್ತಾರೇನೋ?” ಎಂದ ಸೂಜಿ.

“ಏನು ಕೇಳ್ತಾರೆ ಅಂತ ನಿನಗೆ ಗೊತ್ತಾ?”

ಗೊತ್ತಿರಲಿಲ್ಲ, ಅದೇ ಸಂಕಟ. ಆದ್ದರಿಂದ ಎಲ್ಲವನ್ನೂ ತುಂಬಿದರು. ಊಟದ ಹೊತ್ತಿನಲ್ಲಿ ಬುತ್ತಿಯನ್ನೂ ಬಿಚ್ಚದೆ ಸೂಜಿ ಕಾರ್ಡು ಕೂರಿಸಿದ, ಉಬ್ಬಿಹೋಗಿದ್ದ ಹಳೇ ಬ್ಯಾಟರಿ ತೆಗೆದು ಹೊಸದು ಹಾಕಿದ. ಮಧ್ಯಾಹ್ನ ಮೂರಕ್ಕೆ ಡಬ್ಬಿಯ ಪುಟ್ಟ ಪರದೆ ಬೆಳಗಿತು. ಮೂವರೂ ಒಬ್ಬರ ಕೈ ಒಬ್ಬರು ಹಿಡಿದು ಕುಣಿಯುವುದೊಂದು ಬಾಕಿ.

ಆದರೆ ಮುಚ್ಚಳ ಮಾತ್ರ ಮುಚ್ಚಲೊಲ್ಲದು. ಒಂದು ಮೂಲೆ ಒತ್ತಿದರೆ ಇನ್ನೊಂದು ಏಳುತ್ತಿತ್ತು. ಇಂಥ ಸಮಸ್ಯೆಗೆ ಆ ನೆಲಮಾಳಿಗೆಯಲ್ಲಿ ಒಂದೇ ಔಷಧಿ. ಬಾಗಿದ, ಉಬ್ಬಿದ, ಹಟ ಮಾಡುವ ಪುಸ್ತಕವನ್ನೆಲ್ಲ ಎರಡು ಹಲಗೆಗಳ ನಡುವೆ ಇಟ್ಟು ಮೇಲಿನ ಚಕ್ರ ತಿರುಗಿಸಿ ಬಿಗಿಯುವ ಕಬ್ಬಿಣದ ಪ್ರೆಸ್ಸು.

“ಬೇಡ ಅಂಟಪ್ಪಾ,” ಎಂದ ಸೂಜಿ.

“ಬಟ್ಟೆ ಸುತ್ತಿದೀನಿ ಕಣೋ. ಅರ್ಧ ಸುತ್ತು ಸಾಕು. ನಿಘಂಟನ್ನೇ ಹದಕ್ಕೆ ತಂದವನು ನಾನು.”

ಅರ್ಧ ಸುತ್ತು ತಿರುಗಿತು. “ಇನ್ನೊಂಚೂರು,” ಎಂದಳು ಬಂಗಾರಕ್ಕ. ಇನ್ನೊಂಚೂರು ತಿರುಗಿತು. ಒಳಗಿಂದ ‘ಕರಕ್’ ಎಂದಿತು.

ಹೊರತೆಗೆದಾಗ ಮುಚ್ಚಳವೇನೋ ಸಮನಾಗಿ ಮುಚ್ಚಿತ್ತು. ಗುಂಡಿ ಮಾತ್ರ ಒಳಕ್ಕೆ ಕೂತುಬಿಟ್ಟಿತ್ತು. ಡಬ್ಬಿ ತಾನಾಗಿಯೇ ಹಾಡತೊಡಗಿತು. ಅದೂ ಅಂಟಪ್ಪನ ತುತ್ತೂರಿ, ಅದೂ ತಾರಕ ಸ್ವರದಲ್ಲಿ. ಇಯರ್‌ಫೋನ್ ಮೇಜಿನ ಮೇಲಿದ್ದರೂ ಕೀ ಕೀ ಎಂದು ಕೇಳುತ್ತಿತ್ತು. ಸೂಜಿ ಉಗುರಿನಿಂದ ಗುಂಡಿ ಎಬ್ಬಿಸಿದ, ದಬ್ಬಣದ ಮೊನೆಯಿಂದ ಮೀಟಿದ, ಕೊನೆಗೆ ಕೈಮುಗಿದ. ಅದು ನಿಲ್ಲಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು.

ಒಂದೇ ನೆಗೆತಕ್ಕೆ ಡಬ್ಬಿಯನ್ನು ಮೇಡಂ ಮೇಜಿಗೆ ಸೇರಿಸಿ, ಕೀಚಲು ಸದ್ದು ಹೊರಗೆ ಬಾರದ ಹಾಗೆ ಇಯರ್‌ಫೋನಿನ ಮೇಲೆ ಕಡತವೊಂದನ್ನು ಮುಚ್ಚಿ, ಸೂಜಿ ತನ್ನ ಜಾಗದಲ್ಲಿ ಕೂತು ದಾರವಿಲ್ಲದ ಸೂಜಿಯಿಂದ ಹೊಲಿಯತೊಡಗಿದ.

ಮೇಡಂ ಬಂದರು, ಕನ್ನಡಕ ಒರೆಸಿದರು. ಕಡತ ಸರಿಸಿದರು, ಇಯರ್‌ಫೋನ್ ಎತ್ತಿದರು, ಅಭ್ಯಾಸದಂತೆ ಎರಡೂ ಕಿವಿಗೆ ಸಿಕ್ಕಿಸಿಕೊಂಡರು.

“ಅಯ್ಯಯ್ಯೋ!”

ಕುರ್ಚಿ ಹಿಂದಕ್ಕೆ ಬಿತ್ತು. ಮೇಡಂ ಎರಡೂ ಕಿವಿ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದರು. “ಇದು ಹಾಡ್ತಾ ಇದೆ! ಇದು ಹೇಗೆ ಹಾಡ್ತಾ ಇದೆ?”

ಸೂಜಿಗೆ ಇನ್ನು ತಡೆಯಲಾಗಲಿಲ್ಲ. “ತಪ್ಪಾಯ್ತು ಮೇಡಂ! ನಿಮಗೆ ಒಳ್ಳೇದಾಗ್ಲಿ ಅಂತ ಡಿಸ್ಕ್ ಬದಲಾಯಿಸಕ್ಕೆ ಹೋದೆ. ನಿಮ್ಮ ಹಾಡೆಲ್ಲ ಹೋಗ್ಬಿಡ್ತು. ಒಂದೂ ಉಳಿದಿಲ್ಲ. ಏನು ಬೇಕಾದ್ರೂ ಬೈಯಿರಿ.”

“ಯಾವ ಹಾಡು ರೀ?” ಮೇಡಂ ಕಣ್ಣರಳಿಸಿದರು. “ಅದು ಕೆಟ್ಟು ಕೂತು ಮೂರು ವರ್ಷ ಆಯ್ತು.”

ಇಯರ್‌ಫೋನಿನಲ್ಲಿ ತುತ್ತೂರಿ ಊದುತ್ತಲೇ ಇತ್ತು.

“ಮೂರು ವರ್ಷನಾ?” ಎಂದಳು ಬಂಗಾರಕ್ಕ ಸಣ್ಣ ದನಿಯಲ್ಲಿ.

“ಮತ್ತೆ? ಕಿವಿಲಿ ಇದಿದ್ರೆ ಯಾರೂ ಬಂದು ತಲೆ ತಿನ್ನಲ್ಲ. ತೆಗೆದ್ರೆ ನೀವೆಲ್ಲ ಬಾಯಿ ಮುಚ್ಕೊಂಡು ಕೂತ್ಬಿಡ್ತೀರಿ, ನನಗೂ ಹೊತ್ತು ಹೋಗಲ್ಲ.”

ಮೂವರೂ ಮೂರು ವರ್ಷ ಹಿಂದಕ್ಕೆ ಹೋದರು. ಮೇಡಂ ಅವರ ತುರುಬಿನ ಬಗ್ಗೆ ಆಡಿದ್ದು, ಅವರ ನಡಿಗೆ ಅಣಕಿಸಿದ್ದು, ಅವರ ದನಿಯಲ್ಲಿ ಅವರ ಮುಂದೆಯೇ ಅವರ ಬೈಗುಳ ಒಪ್ಪಿಸಿದ್ದು. ಎಲ್ಲದರಲ್ಲೂ ಸೂಜಿಯದೇ ಸಿಂಹಪಾಲು. ಕಿಟಕಿ ಹೋಯಿತು, ಬಹುಶಃ ಕೆಲಸವೂ ಹೋಯಿತು ಎಂದುಕೊಂಡ.

ಮೇಡಂ ಕುರ್ಚಿ ಎತ್ತಿ ಕೂತು ಒಂದು ಕಾಗದ ತೆಗೆದರು. “ನಿಮ್ಮದನ್ನ ಬೆಳಿಗ್ಗೆನೇ ಬರೆದಿಟ್ಟಿದ್ದೆ. ಕೇಳಿ. ‘ಇವರು ಈ ವಿಭಾಗದ ಪ್ರಾಣ. ಇವರಿಲ್ಲದೆ ಇಲ್ಲಿ ಒಂದು ದಿನ ಕಳೆಯುವುದೂ ಕಷ್ಟ. ಆದ್ದರಿಂದ ಯಾವ ಕಾರಣಕ್ಕೂ ಇವರನ್ನು ಬೇರೆಡೆಗೆ ಕಳುಹಿಸತಕ್ಕದ್ದಲ್ಲ.’”

“ಅಂದ್ರೆ... ಶಿಕ್ಷೆನಾ ಮೇಡಂ?”

“ಶಿಕ್ಷೆನಾ? ಮೆಚ್ಚುಗೆ ರೀ ಇದು! ನೀವು ಮೇಲೆ ಹೋಗಿ ಕಿಟಕಿ ನೋಡ್ತಾ ಕೂತ್ರೆ ಇಲ್ಲಿ ನಾನೇನು ಕೇಳ್ಲಿ?” ಮೇಡಂ ಕಾಗದಕ್ಕೆ ಸಹಿ ಹಾಕಿದರು, ಹಾಡುತ್ತಿದ್ದ ಡಬ್ಬಿಯನ್ನು ಡ್ರಾಯರಿಗೆ ತಳ್ಳಿ ಮುಚ್ಚಿದರು, ಕೈಕಟ್ಟಿ ಒರಗಿದರು. “ಅದಿರ್ಲಿ. ಮೊನ್ನೆ ನಿಮ್ಮ ಷಡ್ಡಕ ಎಲ್ಲಿಂದ್ಲೋ ಒಂದು ನಾಯಿ ತಂದ ಅಂತ ಹೇಳ್ತಿದ್ರಿ. ಅದು ಅವನ ಮಂಚ ಹತ್ತಿ ಮಲಗ್ತು ಅನ್ನೋಷ್ಟರಲ್ಲಿ ಇಲ್ಲಿ ಊಟದ ಗಂಟೆ ಹೊಡೀತು, ನೀವು ಎದ್ದು ಹೋದ್ರಿ. ಎರಡು ದಿನದಿಂದ ನನಗೆ ಅದೇ ಯೋಚನೆ. ಆಮೇಲೇನಾಯ್ತು?”

ಸೂಜಿ ಅಂಟಪ್ಪನ ಕಡೆ ನೋಡಿದ. ಅಂಟಪ್ಪ ಅಂಟಿನ ಪಾತ್ರೆಯೊಳಗೆ ಮುಖ ಹುದುಗಿಸಿದ್ದ.

“ಷಡ್ಡಕ ಚಾಪೆ ಮೇಲೆ ಮಲಗಿದ ಮೇಡಂ,” ಎಂದ ಸೂಜಿ, ಅಳುವ ದನಿಯಲ್ಲಿ.

“ಸ್ವಲ್ಪ ಜೋರಾಗಿ ಹೇಳ್ರೀ,” ಎಂದರು ಮೇಡಂ.