ನಾಲ್ಕು ತಾಲ್ಲೂಕಿನ ಕೆಚ್ಚಲು

ಮೂವತ್ತು ವರ್ಷ ದನಗಳ ಹಿಂದೆ ಕೂತು ಅನ್ನ ತಿಂದವನಿಗೆ ಇಂಥ ಸಂಗತಿಗಳಿಗೆ ಬರವಿಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಲ ಬೀಸಿ ಮುಖಕ್ಕೆ ಬಾರಿಸುತ್ತದೆ. ನಾನು ಪಶು ಆಸ್ಪತ್ರೆಯ ಇನ್‌ಸ್ಪೆಕ್ಟರ್. ಡಾಕ್ಟರ್ ಅಲ್ಲ, ಆದರೆ ಆ ವಿಷಯ ಡಾಕ್ಟರನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ಜಗಳೂರು, ಹೊನ್ನಾಳಿ, ನ್ಯಾಮತಿ, ಈಗ ಚನ್ನಗಿರಿ, ನಾಲ್ಕೂ ಕಡೆ ನನ್ನ ಕೈಗುಣಕ್ಕೆ ಹೆಸರು. ನಾನು ಕೊಟ್ಟಿಗೆ ಬಾಗಿಲಲ್ಲಿ ಕೆಮ್ಮಿದರೆ ಸಾಕು, ಏಳಲಾರದ ಎಮ್ಮೆ ಎದ್ದು ನಿಲ್ಲುತ್ತಿತ್ತು. ಹೆದರಿಕೆಯಿಂದ ಅಂತಾಳೆ ನನ್ನ ಹೆಂಡತಿ. ಅನ್ನಲಿ.

ಕೇರೆಹಾವು

ಜಗಳೂರಿನ ಕಡೆ ಒಬ್ಬನ ಹಸುವಿಗೆ ಕೆಚ್ಚಲು ಬಾವು. ಕೆಚ್ಚಲು ಕಲ್ಲಾಗಿತ್ತು, ಹಾಲಿನಲ್ಲಿ ಒಡೆದ ಮೊಸರಿನಂಥ ಗರಣೆ. ಆತ ಆಗಲೇ ತೀರ್ಪು ಕೊಟ್ಟಿದ್ದ: ಕೇರೆಹಾವು ಬಂದು ಹಾಲು ಕುಡಿದಿದೆ.

"ಹಾವಲ್ಲಪ್ಪ, ಬ್ಯಾಕ್ಟೀರಿಯಾ," ಅಂದೆ.

"ಅದು ಎಷ್ಟುದ್ದ ಐತ್ರಿ ಸಾರ್?"

"ಕಣ್ಣಿಗೇ ಕಾಣಲ್ಲ."

ಆತ ನನ್ನನ್ನು ಕನಿಕರದಿಂದ ನೋಡಿದ. "ಕಾಣದೇ ಇರೋದನ್ನ ನೀವು ನಂಬ್ತೀರಿ. ಬೇಲಿ ಸಂದಿಲಿ ಕಂಡಿದ್ದನ್ನ ನಾನು ನಂಬಬಾರದಾ?"

ಸಂತೇಬೆನ್ನೂರಿನ ಭಾಷಣ

ಆಮೇಲೆ ನಾನು ಭಾಷಣದ ಧಾಟಿ ಬದಲಿಸಿದೆ. ಸಂತೇಬೆನ್ನೂರಿನ ಡೇರಿಗೆ ಹಾಲು ಹಾಕಲು ಬಂದವರನ್ನೆಲ್ಲ ನಿಲ್ಲಿಸಿ ಹೇಳಿದೆ: "ಕೆಚ್ಚಲಿನ ಒಳಗಿನ ಜೀವಕಣಗಳು ಬರೀ ಹಾಲು ಮಾಡೋ ಕೂಲಿಗಳಲ್ಲ, ಕಾವಲುಗಾರರೂ ಹೌದು. ತೊಟ್ಟಿನ ತೂತಿನಿಂದ ರೋಗಾಣು ನುಗ್ಗಿದ ಕೂಡಲೇ ಬೊಬ್ಬೆ ಹೊಡೀತಾವೆ. ಆ ಕೂಗಿಗೆ ರಕ್ತದಲ್ಲಿರೋ ಬಿಳಿ ಸೈನಿಕರು ದಂಡು ಕಟ್ಟಿ ಓಡಿಬರ್ತಾರೆ. ಊತ, ಬಿಸಿ, ಎಲ್ಲಾ ಆ ಯುದ್ಧದ್ದೇ. ಹಾಲಿನಲ್ಲಿ ಕಾಣೋ ಗರಣೆ ಐತಲ್ಲ, ಅದ್ರಲ್ಲಿ ಸತ್ತ ಸೈನಿಕರ ಹೆಣಗಳೇ ತುಂಬಿರ್ತಾವೆ."

ಜನ ಬಾಯಿ ಬಿಟ್ಟು ಕೇಳಿದರು. ನನಗೇ ನನ್ನ ಮೇಲೆ ಗೌರವ ಬಂತು. ಹಿಂದೆ ನಿಂತಿದ್ದ ಒಬ್ಬ ಅಜ್ಜಿ ಕ್ಯಾನು ಕೆಳಗಿಟ್ಟು ಕೇಳಿದಳು: "ಅವರವರ ಜಗಳ ಅವರವರು ಬಗೆಹರಿಸ್ಕಳ್ಳಿ ತಮ್ಮಾ. ಹೆಣ ಹಾಕಾಕೆ ನನ್ನ ಹಾಲೇ ಬೇಕಾಗಿತ್ತಾ?"

ಮನೆಯ ಹಸು

ಇನ್ನು ನಮ್ಮ ಮನೆಯ ಕಥೆ. ಸಾಸ್ವೆಹಳ್ಳಿಯಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಒಂದೇ ಹಸು. ಹುಟ್ಟಿದ ದಿನವೇ ತಾಯಿ ಸತ್ತಿತ್ತು. ನನ್ನ ಹೆಂಡತಿ ಬಾಟಲಿಯಲ್ಲಿ ಹಾಲು ಕುಡಿಸಿ, ತನ್ನ ಹಳೇ ಸೀರೆ ಹೊದಿಸಿ ಬೆಳೆಸಿದವಳು. ಅದು ಮೊದಲ ಕರು ಹಾಕಿದಾಗ ನಾಲ್ಕು ತೊಟ್ಟಿಗೂ ನಾನು ಸರ್ವೀಸು ಮಾಡಿದ ತಾಲ್ಲೂಕುಗಳ ಹೆಸರಿಟ್ಟಳು. ಹಿಂದಿನ ಎರಡು ಧಾರಾಳಿಗಳು ಚನ್ನಗಿರಿ, ಹೊನ್ನಾಳಿ. ಹೊನ್ನಾಳಿಯ ಮುಂದೆ, ತಾಲ್ಲೂಕು ಒಡೆದ ಹಾಗೆ ಅದರಿಂದಲೇ ಒಡೆದು ಬಂದಂತಿದ್ದದ್ದು ನ್ಯಾಮತಿ. ನಾಲ್ಕನೆಯದು ಸಣ್ಣದು, ನೂಲಿನಂತೆ ಹಾಲು ಬಿಡುತ್ತಿತ್ತು. ಅದು ಜಗಳೂರು.

ಒಂದು ಬೆಳಿಗ್ಗೆ ನ್ಯಾಮತಿ ಊದಿತ್ತು. ಕರಿ ಬಟ್ಟೆಯ ಮೇಲೆ ಹಿಂಡಿದರೆ ಗರಣೆ ಎದ್ದು ಕಂಡಿತು. ನಾನು ಸೊಂಟದ ಮೇಲೆ ಕೈಯಿಟ್ಟು, "ನೆಲ ಗಲೀಜು," ಅಂತ ತೀರ್ಪು ಕೊಟ್ಟೆ. ಹೆಂಡತಿ ದಿನಕ್ಕೆ ಮೂರು ಸಲ ನೆಲ ತೊಳೆದಳು. ವಾರದೊಳಗೆ ಹೊನ್ನಾಳಿಯೂ ಬಿತ್ತು. "ಮೇವಿನ ದೋಷ," ಅಂದೆ. ಮೇವು ಬದಲಾಯಿತು. ಚನ್ನಗಿರಿಯೂ ಕೆಂಪಾಯಿತು. "ದೃಷ್ಟಿ ಇರಬಹುದು," ಅಂದೆ. ಹೌದು, ನಾನೇ ಅಂದೆ.

ಹಸು ಕರುವನ್ನು ಒದೆಯತೊಡಗಿತು. ಅವಳು ಊಟ ಬಿಟ್ಟು ಅದರ ಪಕ್ಕ ಕೂತಳು. ದಲ್ಲಾಳಿಯೊಬ್ಬ ಹೇಗೋ ವಾಸನೆ ಹಿಡಿದು ಬಂದು ಕೆಚ್ಚಲು ನೋಡಿ, "ಇನ್ನೊಂದು ತೊಟ್ಟು ಹೋಗೋದ್ರೊಳಗೆ ಕೊಟ್ಬಿಡ್ರಿ," ಅಂದ. ಅಂಥ ಹಸು ಎಲ್ಲಿಗೆ ಹೋಗುತ್ತದೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅವಳು ಒಂದೇ ಮಾತು ಆಡಿದಳು: "ಊರಿನ ದನಗಳನ್ನೆಲ್ಲ ಉಳಿಸ್ತೀರಿ. ಇದೊಂದನ್ನ ಉಳಿಸಾಕೆ ಆಗಲ್ವಾ?"

ಗಾಬರಿಯಲ್ಲಿ ತಪಾಸಣೆ ಹೆಚ್ಚಿಸಿದೆ. ದಿನಕ್ಕೊಮ್ಮೆ ಮುಟ್ಟಿ ನೋಡುತ್ತಿದ್ದವನು ಮೂರು ಸಲ ನೋಡತೊಡಗಿದೆ. ಬಾವು ಮಾತ್ರ ಇಳಿಯಲಿಲ್ಲ.

ವಿಚಾರಣೆ

ಕೊನೆಗೆ ಮಾನ ಬಿಟ್ಟು ನಮ್ಮ ಆಸ್ಪತ್ರೆಯ ಡಾಕ್ಟರಮ್ಮನನ್ನು ಕರೆಸಿದೆ. ನನ್ನ ಮಗಳ ವಯಸ್ಸು. ಕೈಗವಸು ಹಾಕಿಕೊಂಡು ನಾಲ್ಕೂ ತೊಟ್ಟಿನ ಹಾಲು ಪರೀಕ್ಷೆ ಮಾಡಿದರು. ಔಷಧ ಬೆರೆಸಿದಾಗ ಮೂರರ ಹಾಲು ಲೋಳೆಯಾಯಿತು, ಅದೇ ರೋಗದ ಗುರುತು. ಜಗಳೂರು ತಿಳಿಯಾಗಿತ್ತು.

"ವಿಚಿತ್ರ! ಕೆಚ್ಚಲು ಮುಟ್ಟೋರು ಯಾರ್ಯಾರಮ್ಮಾ?"

"ಹಿಂಡೋದು ನಾನೇ ರೀ," ಅಂದಳು ನನ್ನ ಹೆಂಡತಿ. "ಕೈ ತೊಳ್ಕಂಡು ಮೊದ್ಲು ಜಗಳೂರು ಹಿಂಡ್ತೀನಿ, ಸ್ವಲ್ಪ ಇರೋದು ಬೇಗ ಮುಗೀಲಿ ಅಂತ."

"ಒಳ್ಳೇದು. ಬೇರೆ ಯಾರು?"

ನಾನು ಕೊಟ್ಟಿಗೆಯ ಹಂಚು ಎಣಿಸತೊಡಗಿದೆ.

"ಇವರು. ಡ್ಯೂಟಿಯಿಂದ ಬಂದೋರೇ ಟವೆಲಿಗೆ ಕೈ ಒರೆಸ್ಕಂಡು ಸೀದಾ ಕೊಟ್ಟಿಗೆಗೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಿಚುಕಿ ಭಾರ ನೋಡ್ತಾರೆ."

"ಜಗಳೂರು?"

"ಅಲ್ಲೇನೈತೆ ನೋಡಾಕೆ ಅಂತಾರೆ. ಒಂದು ದಿನಾನೂ ಮುಟ್ಟಿಲ್ಲ."

ಹಸು ಸಹ ನನ್ನತ್ತ ಕತ್ತು ತಿರುಗಿಸಿತು. ಇಡೀ ದಿನ ಊರವರ ರೋಗದ ಕೆಚ್ಚಲು ಹಿಂಡಿದ ಕೈಗಳನ್ನು ಡಾಕ್ಟರಮ್ಮ ನೋಡಿದರು, ನಾನೂ ನೋಡಿದೆ.

"ಕಣ್ಣಿಗೆ ಕಾಣಲ್ವಲ್ಲ ಮೇಡಂ," ಅಂದೆ. ಜಗಳೂರಿನ ಆ ಮನುಷ್ಯ ಎಲ್ಲಿದ್ದರೂ ಆಗ ಅವನಿಗೆ ಬಿಕ್ಕಳಿಕೆ ಬಂದಿರಬೇಕು.

ಡಾಕ್ಟರಮ್ಮ ಹಸುವಿಗೆ ತೊಟ್ಟಿನೊಳಗೆ ಏರಿಸುವ ಔಷಧ ಬರೆದರು. ನನಗೆ ಸೋಪು ಬರೆದರು. ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆಯೂ ಆಗಬಹುದು.

ಚನ್ನಗಿರಿ, ಹೊನ್ನಾಳಿ ನಿಧಾನವಾಗಿ ಅರ್ಧಕ್ಕರ್ಧ ತಿರುಗಿ ಬಂದವು. ನ್ಯಾಮತಿ ಬರಲೇ ಇಲ್ಲ. ಇವತ್ತಿಗೂ ಗಟ್ಟಿಯಾಗಿ, ಸುಮ್ಮನೆ ಜೋತಾಡುತ್ತದೆ. ಅದನ್ನು ನೋಡಿದಾಗಲೆಲ್ಲ ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತೇನೆ. ಆದರೆ ಹಸು ಉಳಿಯಿತು. ದಲ್ಲಾಳಿಯನ್ನು ಹೆಂಡತಿ ಗೇಟಿನಿಂದಲೇ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ನಾಲ್ಕೂ ತಾಲ್ಲೂಕಿನಿಂದ ನಿಮ್ಮನ್ನ ವರ್ಗ ಮಾಡೀನಿ, ತಿಪ್ಪೆಗೆ," ಅಂದಳು. ಅವತ್ತೇ ಸಗಣಿ ಬುಟ್ಟಿ ಹಿಡಿದು ಹೊಸ ಜಾಗದಲ್ಲಿ ಹಾಜರಾದೆ.

ಮೊನ್ನೆ ಸೂಳೆಕೆರೆ ಕಡೆಯ ಒಬ್ಬ ರೈತ ಮನೆ ಬಾಗಿಲಿಗೆ ಬಂದು ಕೈ ಮುಗಿದ. "ಸಾರ್, ನಿಮ್ಮ ಕೈಗುಣ ದೊಡ್ಡದಂತೆ. ನಮ್ಮ ಹಸೂನ ಕೆಚ್ಚಲು ಒಂದ್ಸಲ ಮುಟ್ಟಿ ನೋಡ್ಬೇಕು."

ನಾನು ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು:

"ಬರ್ತಾರೆ ಅಣ್ಣಾ. ಯಾವ ತೊಟ್ಟು ಬ್ಯಾಡ ಅಂತ ಮೊದ್ಲು ಹೇಳ್ರಿ."