ಪುಂಡಿಗಿಡದ ನೀರು, ಮೂರ್ತಿಯವರ ಸೂರು

ಶನಿವಾರ ಬೆಳಿಗ್ಗೆ ಶ್ರೀನಿವಾಸಮೂರ್ತಿಯವರ ಬೋಳುತಲೆಯ ಮೇಲೆ ಮೂರು ಹನಿ ನೀರು ಬಿತ್ತು. ಮೂರನ್ನೂ ಅವರು ಕ್ಷಮಿಸಿದರು. ನಾಲ್ಕನೆಯದು ನೇರವಾಗಿ ಫಿಲ್ಟರ್ ಕಾಫಿಯೊಳಗೆ ಬಿತ್ತು. ಮೈಸೂರಿನವರು ಏನನ್ನಾದರೂ ಸಹಿಸಿಯಾರು, ಕಾಫಿಗೆ ನೀರು ಬೆರೆಸುವುದನ್ನಲ್ಲ. ಕಟ್ಟಡದ ಮೇಂಟೆನೆನ್ಸ್ ಆ್ಯಪಿನಲ್ಲಿ ದೂರು ಕೊಟ್ಟು, ಒಂದು ಮಹಡಿ ಹತ್ತಿ ಬಂದು, ಬಾಳಪ್ಪನ ಮನೆಯ ಬೆಲ್ ಒತ್ತಿದರು.

ಬೆಲ್ ಕೇಳಿದ್ದೇ ಬಾಳಪ್ಪನಿಗೆ ವಿಷಯ ಗೊತ್ತಾಯಿತು. ಬಾಗಲಕೋಟೆ ಕಡೆಯ ಬಾಳಪ್ಪ ಕೊಲ್ಲಿ ನಾಡಿನ ಅಲ್ ರೀಮ್ ಐಲ್ಯಾಂಡಿನ ಈ ಹದಿನೇಳನೇ ಮಹಡಿಯಲ್ಲಿ ಆರು ವರ್ಷ ಯಾರ ಕಣ್ಣಿಗೂ ಬೀಳದೆ ಬದುಕಿದ್ದ. ಎರಡು ತಿಂಗಳ ಹಿಂದೆ ಅವನ ಅವ್ವ ಬಸಲಿಂಗವ್ವ ವಿಸಿಟ್ ವೀಸಾದ ಮೇಲೆ ಬಂದಳು. "ಗಸಗಸಿ ಮಾತ್ರ ತರಬ್ಯಾಡ ಬೇ, ಇಲ್ಲಿ ಅದಕ್ಕ ಒಳಗ ಹಾಕ್ತಾರ" ಎಂದು ಮಗ ಫೋನಿನಲ್ಲಿ ಹತ್ತು ಸಲ ಹೇಳಿದ್ದ. ಅವಳು ಗಸಗಸೆ ತರಲಿಲ್ಲ. ಸೆರಗಿನ ತುದಿಗೆ ಒಂದು ಹಿಡಿ ಪುಂಡಿ ಬೀಜ ಕಟ್ಟಿಕೊಂಡು ಬಂದಳು. ಹುಳಿಹುಳಿ ಪುಂಡಿಪಲ್ಲೆ ಇಲ್ಲದಿದ್ದರೆ ಅವಳಿಗೆ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಬಾಲ್ಕನಿಯಲ್ಲಿ ಸಸಿ ಇಟ್ಟರೆ ಸುಟ್ಟು ಹಪ್ಪಳವಾಗುವಂಥ ಬಿಸಿಲು. ಹಾಗಾಗಿ ನಾಲ್ಕು ಕುಂಡಗಳು ಹಾಲಿನ ಕಿಟಕಿಯ ಪಕ್ಕ, ಎಸಿಯ ತಂಪಿನಲ್ಲಿ ಸಂಸಾರ ಹೂಡಿದವು.

ತೊಂದರೆ ಎರಡು. ಮೊದಲನೆಯದು ಎಲೆ. ಬೆರಳು ಚಾಚಿದಂತಿರುವ, ಅಂಚೆಲ್ಲ ಗರಗಸವಾದ ಪುಂಡಿ ಎಲೆ ಗೊತ್ತಿಲ್ಲದವರ ಕಣ್ಣಿಗೆ ಥೇಟ್ ಗಾಂಜಾ. ಎರಡನೆಯದು ನೀರು. "ತಳದಾಗಿಂದ ನೀರು ಹೊರಗ ಬರೂತನಕ ಗಿಡದ ನೀರಡಿಕಿ ಹೋಗೂದಿಲ್ಲ" ಎಂಬುದು ಬಸಲಿಂಗವ್ವನ ಸಿದ್ಧಾಂತ. ದಿನಕ್ಕೆ ಮೂರು ಹೊತ್ತು, ಹೊತ್ತಿಗೊಂದು ಚೊಂಬು. ಬಾಳಪ್ಪ ಕುಂಡಗಳಡಿಗೆ ತಟ್ಟೆ ಇಟ್ಟ, ತುಂಬಿ ಹರಿಯಿತು. ಬಿರಿಯಾನಿ ತಾಟು ಇಟ್ಟ, ಅದೂ ಹರಿಯಿತು. ಕೊನೆಗೆ ಮಕ್ಕಳ ಡೈಪರಿನ ದೊಡ್ಡ ಪ್ಯಾಕು ತಂದು ಹಾಸಿದ. ಮದುವೆಯಾಗದ ಹುಡುಗ ಡೈಪರ್ ಹಿಡಿದು ಲಿಫ್ಟಿನಲ್ಲಿ ನಿಂತದ್ದನ್ನು ಮೂರ್ತಿಯವರ ಹೆಂಡತಿ ಚಾಮುಂಡೇಶ್ವರಿ ಕಂಡು, "ಒಳ್ಳೇದಾಗ್ಲಿಪ್ಪ" ಎಂದು ಮುಖ ತಿರುಗಿಸಿದ್ದರು. ಡೈಪರುಗಳೂ ಎರಡೇ ದಿನಕ್ಕೆ ಉಬ್ಬಿ ಕೈಚೆಲ್ಲಿದವು. ನೀರು ಮೂಲೆಯಲ್ಲಿ ಎಸಿ ಪೈಪು ಇಳಿಯುವ ತೂತು ಹುಡುಕಿಕೊಂಡು ಮೂರ್ತಿಯವರ ಮನೆಗೆ ಇಳಿಯಿತು.

ಒಳಗೆ ಬಂದ ಮೂರ್ತಿಯವರು ಕಿಟಕಿಯ ಕಡೆ ನೋಡಿದರು. ಬೈಯಲು ತೆರೆದ ಬಾಯಿ ಹಾಗೇ ನಿಂತಿತು.

"ಬಾಳಪ್ಪನವರೇ, ಇದು... ಅದೇನಾ?"

"ಅಲ್ರೀ ಸರ್! ಪುಂಡಿ ಇದು. ಪಲ್ಲೆ ಮಾಡೂದು. ಬೇಕಾದ್ರ ಸೈನ್ಸಿನ ಹೆಸರು ತೋರಸ್ತೀನಿ ತಡೀರಿ." ಬಾಳಪ್ಪ ಫೋನಿನಲ್ಲಿ ಹುಡುಕಿ ಮುಂದೆ ಹಿಡಿದ. ಹೈಬಿಸ್ಕಸ್ ಕ್ಯಾನಬಿನಸ್ ಎಂದಿತ್ತು. ಮೂರ್ತಿಯವರು 'ಕ್ಯಾನಬಿ' ತನಕ ಓದಿ, ಗಾಂಜಾದ ಇಂಗ್ಲಿಷ್ ಹೆಸರು ಕ್ಯಾನಬಿಸ್ ಎಂಬುದು ನೆನಪಾಗಿ ಸೋಫಾದಲ್ಲಿ ಕುಸಿದರು. ಎಲೆ ನೋಡಿ ಈ ಹೆಸರಿಟ್ಟ ಪುಣ್ಯಾತ್ಮನಿಗೆ ಬಾಳಪ್ಪ ಮನಸ್ಸಿನಲ್ಲೇ ಸಹಸ್ರನಾಮ ಮಾಡಿದ.

"ಆ ನೀರು ಬಿದ್ದ ಕಾಫೀನ ನಾನು ಕುಡಿದ್ಬಿಟ್ಟೆ ಕಣ್ರೀ! ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಈಗ ನನ್ನ ರಕ್ತ ಟೆಸ್ಟ್ ಮಾಡಿದ್ರೆ? ಮಧ್ಯಾಹ್ನ ಒಂದು ಗಂಟೆಗೆ ಇನ್‌ಸ್ಪೆಕ್ಷನ್‌ಗೆ ಬೇರೆ ಬರ್ತಾರೆ. ಕಂಪ್ಲೇಂಟ್ ಕೊಟ್ಟವನೂ ನಾನೇ!"

ದೂರು ರದ್ದು ಮಾಡಲು ಹೋದರೆ ಆ್ಯಪು ಒಪ್ಪಲಿಲ್ಲ. ಬಾಳಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇದು ಪುಂಡಿ ಎಂದು ಲ್ಯಾಬಿನವರು ಹೇಳುವ ಹೊತ್ತಿಗೆ ತಾನು ಲಾಕಪ್ಪಿನಲ್ಲಿರುತ್ತೇನೆ, ಕೆಲಸ ಹೋಗಿರುತ್ತದೆ, ವೀಸಾ ಹೋಗಿರುತ್ತದೆ, ಅವ್ವ ಭಾಷೆ ಬರದ ಊರಲ್ಲಿ ಒಬ್ಬಳೇ ಕೂತಿರುತ್ತಾಳೆ. ಒಂದು ಹೊಡೆಯುವುದರೊಳಗೆ ಈ ಎಲೆಗಳು ಮಾಯವಾಗಬೇಕಿತ್ತು. ಆದರೆ ಲಿಫ್ಟಿನಲ್ಲಿ ಕ್ಯಾಮೆರಾ. ಕಸದ ಕೋಣೆಯಲ್ಲೂ ಕ್ಯಾಮೆರಾ. ನಾಲ್ಕು ಎಲೆ ಫ್ಲಶ್ ಮಾಡಿ ನೋಡಿದ, ನಾಲ್ಕೂ ತೇಲಿ ವಾಪಸ್ ಬಂದವು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬಸಲಿಂಗವ್ವನಿಗೆ ಈ ಗಂಡಸರ ಗಾಬರಿ ಕಂಡು ರೇಗಿತು. "ಅದಕ್ಯಾಕ ಇಷ್ಟ್ ಹೌಹಾರತೀರಿ? ಪಲ್ಲೆ ಮಾಡಿ ತಿಂದ್ರ ಮುಗೀತು."

ಇಬ್ಬರೂ ಅವಳನ್ನು ದೇವತೆಯನ್ನು ಕಂಡಂತೆ ನೋಡಿದರು.

ಹತ್ತು ನಿಮಿಷದಲ್ಲಿ ನಾಲ್ಕೂ ಗಿಡ ಬೋಳಾದವು. ಎಲೆ ಬೆಂದು, ಜೋಳದ ನುಚ್ಚು ಬಿದ್ದು, ಬೆಳ್ಳುಳ್ಳಿ ಒಗ್ಗರಣೆ ಚೊಂಯ್ ಎಂದಿತು. ಮೂರ್ತಿಯವರು ಹುಟ್ಟಿದಾಗಿನಿಂದ ಬೆಳ್ಳುಳ್ಳಿ ಮುಟ್ಟಿದವರಲ್ಲ. ಸಾಕ್ಷ್ಯ ನಾಶಕ್ಕೆಂದು ಕಣ್ಣು ಮುಚ್ಚಿ ಮೊದಲ ತುತ್ತು ನುಂಗಿದರು. ಎರಡನೇ ರೊಟ್ಟಿಗೆ ಕಣ್ಣು ತೆರೆದರು. ಐದನೆಯದಕ್ಕೆ, "ಅಮ್ಮಾ, ಮೇಲೆ ಸ್ವಲ್ಪ ಶೇಂಗಾ ಎಣ್ಣೆ ಇದ್ರೆ..." ಎಂದರು. ಒಂದಕ್ಕೆ ಐದು ನಿಮಿಷವಿದ್ದಾಗ ಬಾಣಲೆಯನ್ನು ರೊಟ್ಟಿಯಲ್ಲಿ ಒರೆಸಿ ತಿಂದರು. ಬಾಳಪ್ಪ ಆ ಬಾಣಲೆಯನ್ನು ಮೂರು ಸಲ ತೊಳೆದ.

ಬಂದವಳು ಶಾಹಿನ, ಕಟ್ಟಡದ ಮೇಂಟೆನೆನ್ಸ್ ಸೂಪರ್‌ವೈಸರ್. ಹೊಸಿಲಲ್ಲೇ ಮನೆಯವರ ಮಾತು ಕೇಳಿ, "ಕನ್ನಡದವರಾ? ನಾನೂ ಸ್ವಲ್ಪ ಮಾತಾಡ್ತೀನಿ" ಎಂದು ನಕ್ಕಳು. ಬಗ್ಗಿ ಟಾರ್ಚ್ ಬಿಟ್ಟಳು. ಕುಂಡದಲ್ಲಿದ್ದ ಬೋಳು ಕಡ್ಡಿಗಳ ಕಡೆ ತಿರುಗಿಯೂ ನೋಡಲಿಲ್ಲ. "ಪೈಪಿನ ಸುತ್ತ ಸಂದಿದೆ. ಗುರುವಾರ ಬಂದು ಸಿಲಿಕಾನ್ ಹಾಕ್ತಾರೆ, ಖಲಾಸ್" ಎಂದು ಬಾಗಿಲ ಕಡೆ ಹೊರಟಳು.

ಬಾಳಪ್ಪ ಓಡಿಹೋಗಿ ಬಾಗಿಲು ತೆರೆದು ಹಿಡಿದ.

ಅಷ್ಟರಲ್ಲಿ ಸೋಫಾದಿಂದ ಮೂರ್ತಿಯವರು ತೂರಾಡುತ್ತ ಎದ್ದರು. ಐದು ರೊಟ್ಟಿ ಒಳಗೆ ಸೇರಿ ರೆಪ್ಪೆ ತೂಗುತ್ತಿದ್ದವು. ಅವರಿಗೆ ಅದು ನಿದ್ದೆ ಎಂದು ಹೊಳೆಯಲೇ ಇಲ್ಲ.

"ಮೇಡಂ, ಇವರನ್ನ ಏನೂ ಮಾಡ್ಬೇಡಿ. ಎಲ್ಲಾ ನನ್ನ ಹೊಟ್ಟೇಲಿದೆ. ಏರ್ತಾ ಇದೆ. ನಾನು ತೇಲ್ತಿದೀನಿ!"

ಶಾಹಿನ ನಿಂತಳು. ತಿರುಗಿದಳು. ನಾಲ್ಕು ಕಡ್ಡಿಗಳನ್ನು ಈಗ ಸರಿಯಾಗಿ ನೋಡಿದಳು. "ಇದು ಯಾವ ಗಿಡ?"

"ಗುಲಾಬಿ" ಎಂದ ಬಾಳಪ್ಪ.

"ಪುಂಡಿ" ಎಂದಳು ಬಸಲಿಂಗವ್ವ.

"ಗಾಂಜಾ" ಎಂದರು ಮೂರ್ತಿಯವರು.

ಶಾಹಿನ ಬಸಲಿಂಗವ್ವನ ಕಡೆ ತಿರುಗಿದಳು. "ಪುಂಡಿನಾ? ನಮ್ಮ ಅಮ್ಮಿ ಬೀದರ್‌ನವರು. ಪುಂಡಿ ತಿಂದೇ ಬೆಳೆದೀನಿ ನಾನು. ಒಂದು ಎಲೆ ತೋರ್ಸಿ ಸಾಕು, ಹೋಗ್ತೀನಿ."

ಬಾಳಪ್ಪ ಹುಚ್ಚನಂತೆ ಹುಡುಕಿದ. ಬಾಣಲೆ ಫಳಫಳ ಹೊಳೆಯುತ್ತಿತ್ತು. ಕಸದ ಡಬ್ಬಿಯಲ್ಲಿ ಬೆಳ್ಳುಳ್ಳಿ ಸಿಪ್ಪೆ ಮಾತ್ರ. ತೇಲಿ ಬಂದಿದ್ದ ನಾಲ್ಕು ಎಲೆಗಳನ್ನು ಅವನೇ ಎರಡನೇ ಫ್ಲಶ್ಶಿನಲ್ಲಿ ಕಳಿಸಿಕೊಟ್ಟಿದ್ದ. ಮೂರ್ತಿಯವರ ಬಾಯಿ ತೆರೆಸಿ ಹಲ್ಲಿನ ಸಂದಿಯನ್ನೂ ನೋಡಿದ. ಬೆಳಿಗ್ಗೆ ಯಾವ ಎಲೆಗೆ ಹೆದರಿದ್ದನೋ ಅದರದೊಂದು ಚೂರಿಗಾಗಿ ಈಗ ಅವನಿಗೆ ಅಳು ಬಂತು.

"ಎಲೆ ಮಾಫಿ, ಒಂದೂ ಇಲ್ಲ. ಇವರು ನೋಡಿದ್ರೆ ತೇಲ್ತಿದಾರೆ. ನಾನು ರಿಪೋರ್ಟಲ್ಲಿ ಏನು ಬರೀಲಿ?"

"ಐದು ದಿನ ತಡಿಯವ್ವ, ಚಿಗರತೈತಿ" ಎಂದಳು ಬಸಲಿಂಗವ್ವ.

ಶಾಹಿನ ಕಡ್ಡಿಗಳ ಫೋಟೋ ತೆಗೆದಳು. "ಸರಿ, ಗುರುವಾರ ನಾನೇ ಬರ್ತೀನಿ. ಕುಂಡ ಇಲ್ಲಿಂದ ಅಲ್ಲಾಡಬಾರದು. ಎಲೆ ಬಂದಿರಬೇಕು. ಬರ್ಲಿಲ್ಲ ಅಂದ್ರೆ ಪೊಲೀಸಿಗೆ ಹೇಳದೆ ನನಗೆ ಬೇರೆ ದಾರಿ ಇಲ್ಲ. ಚೆನ್ನಾಗಿ ನೀರು ಹಾಕಿ."

ನಾಲ್ಕು ಗಂಟೆಗೆ ಬಾಳಪ್ಪ ಹೊಸ ಡೈಪರು ಹಾಸಿ, ಏಳನೇ ಚೊಂಬು ಹಿಡಿದು ಕಡ್ಡಿಗಳ ಮುಂದೆ ಮಂಡಿಯೂರಿದ್ದಾಗ ಮೂರ್ತಿಯವರ ಫೋನು ಬಂತು.

"ತಪ್ಪಾತ್ರೀ ಸರ್. ಮತ್ತ ಸೋರಾಕತ್ತೇತೇನು?"

"ಸೋರ್ತಿಲ್ಲ ಕಣ್ರೀ! ಅದಕ್ಕೇ ಫೋನ್ ಮಾಡಿದ್ದು. ತಿಂದವನು ನಾನು, ಸಿಕ್ಕಿಬೀಳೋನೂ ನಾನೇ. ಅರ್ಧ ಗಂಟೆಯಿಂದ ತಲೆ ಮೇಲೆತ್ತಿಕೊಂಡು ಕೂತಿದೀನಿ, ಒಂದು ಹನಿ ಬಿದ್ದಿಲ್ಲ. ಅಲ್ಲಿ ನೀರು ಹಾಕ್ತಿದೀರೋ, ಸುಮ್ನೆ ಕೂತಿದೀರೋ? ಯಲ್ಲಾ, ಬೇಗ ಬೇಗ ಹಾಕ್ರೀ!"