ಬುಗುರಿಗೆ ಬದಲು ಬಸ್ಸಾರು

ನಮ್ಮ ಸೋದರತ್ತೆಯ ಕೈಯಿಂದ ಒಂದು ಬಟ್ಟಲು ಸಾರು ಇಸಿದುಕೊಂಡವರು ಯಾರೂ ಇಂದಿನವರೆಗೆ ಬಿಡುಗಡೆಯಾಗಿಲ್ಲ! ಸುಮ್ಮನೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಪಕ್ಕದ ಮನೆಯವರು ಕೊಟ್ಟ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು, ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎನ್ನುವುದು ನಮ್ಮ ಕಡೆ ಎಲ್ಲ ಮನೆಗಳ ಪದ್ಧತಿ ತಾನೆ? ಉಳಿದವರಿಗೆ ಅದು ಪದ್ಧತಿ, ಅತ್ತೆಗೆ ಕಾನೂನು.

ರಾಮನಗರದಲ್ಲಿ ಅವಳ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರ ಹೆಂಡತಿಗೆ ಒಮ್ಮೆ ಬಟ್ಟಲಲ್ಲಿ ಸಾರು ಕೊಟ್ಟಳು. ಆಕೆ ಅದರಲ್ಲಿ ನಾಲ್ಕು ಚಕ್ಕುಲಿ ಇಟ್ಟು ಕಳಿಸಿದರು. ಚಕ್ಕುಲಿ ಬಂದ ಮೇಲೆ ಅತ್ತೆ ಸುಮ್ಮನಿರುತ್ತಾಳೆಯೇ? ಅದೇ ಬಟ್ಟಲಲ್ಲಿ ಪಾಯಸ ಹೋಯಿತು. ಹೀಗೇ ಮೂರು ವರ್ಷ ಆ ಬಟ್ಟಲು ಕಾಂಪೌಂಡ್ ದಾಟುತ್ತಲೇ ಇತ್ತು. ಕಡೆಗೆ ಮೇಷ್ಟ್ರಿಗೆ ಮಾಗಡಿಗೆ ವರ್ಗವಾದಾಗ ಆಕೆ ಒಳಗೊಳಗೇ ದೇವರಿಗೆ ತುಪ್ಪದ ದೀಪ ಹಚ್ಚಿದರಂತೆ. ಅವರು ಹೋದ ಮೂರನೇ ದಿನ ಮಾಗಡಿ ಬಸ್ಸಿನ ಕಂಡಕ್ಟರು ಅವರ ಹೊಸ ಮನೆ ಹುಡುಕಿಕೊಂಡು ಹೋಗಿ ಬಟ್ಟಲು ಕೊಟ್ಟು ಬಂದ.

ಕಂಡಕ್ಟರು ಅವಳ ಮಾತು ಯಾಕೆ ಕೇಳುತ್ತಾನೆ ಅಂದಿರಾ? ಅತ್ತೆ ಮೂವತ್ತು ವರ್ಷ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತವಳು. ಕನಕಪುರದ ಬಸ್ಸು ಯಾವಾಗ, ಮಾಗಡಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಜನ ಕಿಟಕಿಯ ಕಿಂಡಿಗೆ ಬಾಯಿಟ್ಟು ಕೇಳುವರು, ಉತ್ತರ ಸಿಕ್ಕಿದ ತಕ್ಷಣ ಓಡುವರು. ಅವಳು ಮದುವೆ ಬೇಡ ಅಂದಾಗ ಮನೆಯಲ್ಲಿ ಯಾರೂ ಹೆಚ್ಚು ಒತ್ತಾಯ ಮಾಡಲಿಲ್ಲ. ನಿವೃತ್ತಿಯಾದ ಮೇಲೆ ಆ ಕಿಟಕಿಯೂ ಹೋಯಿತು. ಈಗ ರಾಮನಗರದಲ್ಲೇ ರೈಲ್ವೆ ಸ್ಟೇಷನ್ ಹತ್ತಿರ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಾಳೆ.

ಅವಳ ಸ್ಟೀಲ್ ಡಬ್ಬಿಗಳು ಏಳು ನಮ್ಮ ಮನೆಯಲ್ಲಿದ್ದವು. ಕಜ್ಜಾಯ, ರವೆಉಂಡೆ, ಕೋಡುಬಳೆ ತುಂಬಿ ಕೊಟ್ಟಿದ್ದಳು, ನಾವು ತಿಂದು ಮುಗಿಸಿದ್ದೆವು. ನಾನು ಚನ್ನಪಟ್ಟಣದ ಹೈವೇ ಪಕ್ಕದ ಒಂದು ಆಟಿಕೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಹೆಂಡತಿ ಬಿಡದಿಯ ಫ್ಯಾಕ್ಟರಿಗೆ ಹೋಗುತ್ತಾಳೆ. ಡಬ್ಬಿ ಖಾಲಿ ಕೊಡುವಂತಿಲ್ಲ, ತುಂಬಿಸಲು ಪುರುಸೊತ್ತಿಲ್ಲ. ಹಾಗಾಗಿ ಹೋಗುವುದನ್ನೇ ಬಿಟ್ಟೆವು. ಮುಂದಿನ ಭಾನುವಾರ ಏನಾದರೂ ಮಾಡಿಕೊಂಡು ಹೋಗೋಣ ಎನ್ನುತ್ತಲೇ ಎರಡು ಯುಗಾದಿ ಕಳೆದವು. ಚನ್ನಪಟ್ಟಣದಿಂದ ರಾಮನಗರಕ್ಕೆ ರೈಲಿನಲ್ಲಿ ಕಾಲು ಗಂಟೆಯ ದಾರಿ, ಗೊತ್ತಲ್ಲ.

ಈ ನಡುವೆ ನಮ್ಮ ಸಾಹುಕಾರರು ಅಂಗಡಿಗೆ ಒಂದು ಚಾಟ್‌ಬಾಟ್, ಅಂದರೆ ಗಿರಾಕಿಗಳ ಮೆಸೇಜಿಗೆ ತಾನೇ ಉತ್ತರ ಕೊಡುವ ಮಿಷಿನ್ನು, ಮಾಡಿಸಿದರು. ಬ್ಯಾಂಕಿನ ಓಟಿಪಿ ಬರುತ್ತದಲ್ಲ, ಅದೇ ಮಾಮೂಲಿ ಮೆಸೇಜಿನಲ್ಲಿ ಈಗ ಆಟಿಕೆಗಳ ಬಣ್ಣದ ಚಿತ್ರ, ಕೆಳಗೆ ಒತ್ತಲು ಬಟನ್ನು, ಪಕ್ಕಕ್ಕೆ ಸರಿಸಿದರೆ ಇನ್ನಷ್ಟು ಚಿತ್ರ! ಫೋಟೋ ತೆಗೆಯುವುದು, ಬಾಟ್ ಆಡಬೇಕಾದ ಮಾತು ಬರೆದುಕೊಡುವುದು ನನ್ನ ಕೆಲಸ. ಪರೀಕ್ಷೆ ಮಾಡಲು ಒಂದು ನಂಬರು ಬೇಕಿತ್ತು. ಯಾವಾಗಲೂ ಮನೆಯಲ್ಲೇ ಇರುವವರು ಯಾರು? ಅತ್ತೆಯ ನಂಬರು ಹಾಕಿದೆ.

ಅರ್ಧ ಗಂಟೆಗೆ ಅವಳ ಫೋನು ಬಂತು.

"ನಿಮ್ಮಂಗ್ಡಿಯಿಂದ ಬುಗುರಿ ಬಂದೈತೆ ಕಣ್ಲಾ. ನಾನೇನು ಕಳಿಸ್ಲಿ?"

"ಏನೂ ಬೇಡ ಅತ್ತೆ. ಬುಗುರಿ ಅಲ್ಲ, ಬುಗುರಿ ಫೋಟೋ. ಅದು ಮಿಷಿನ್ನು."

"ಮಿಷಿನ್ನಾದ್ರೆ? ಖಾಲಿ ಹೆಂಗ್ಲಾ ಬುಡಾದು?"

ಫೋಟೋಗೆ ಫೋಟೋ ತಾನೆ? ತಟ್ಟೆಯಲ್ಲಿ ಮುದ್ದೆ, ಬಸ್ಸಾರು ಬಡಿಸಿ, ಅದರ ಫೋಟೋ ತೆಗೆದು ಕಳಿಸಿದಳು. ಬಾಟ್ ಏನು ಮಾಡೀತು? 'ಕ್ಷಮಿಸಿ, ಅರ್ಥವಾಗಲಿಲ್ಲ. ಇನ್ನಷ್ಟು ಆಟಿಕೆಗಳನ್ನು ನೋಡಿ' ಎಂದು ಆನೆ, ಕುದುರೆ, ಗಿಲಕಿ, ರೈಲು, ಗೊಂಬೆ, ಒಟ್ಟು ಐದು ಚಿತ್ರ ಕಳಿಸಿತು.

"ಒಂದು ಕಳಿಸಿದ್ರೆ ಐದು ಕೊಡ್ತೈತಲ್ಲೋ," ಎಂದು ಅತ್ತೆ ಗಾಬರಿಯಿಂದ ಮತ್ತೆ ಫೋನು ಮಾಡಿದಳು. ಅಂದು ಇಡೀ ದಿನ ದಾಸವಾಳ, ಒಣಗಲು ಹಾಕಿದ ಸಂಡಿಗೆ, ಕಿಟಕಿಯಲ್ಲಿ ಕಾಣುವ ರೈಲು, ಮಹಡಿ ಮೆಟ್ಟಿಲ ಬೆಕ್ಕು, ಸಂಜೆಯ ಕಾಫಿ ಎಂದು ಐದನ್ನು ಹೊಂದಿಸಿ ಕಳಿಸಿದಳು. ಬಾಟ್ ಐದಕ್ಕೂ ಕ್ಷಮೆ ಕೇಳಿ ಮತ್ತೆ ಐದೈದು ಕಳಿಸಿತು! ಖಾಲಿ ವಾಪಸ್ ಕೊಡದೇ ಇರುವವರು ಇಡೀ ಜಿಲ್ಲೆಯಲ್ಲಿ ಅತ್ತೆಯೊಬ್ಬಳೇ ಅಂದುಕೊಂಡಿದ್ದೆ. ಅವಳಿಗೊಬ್ಬ ಜೊತೆಗಾರ ಸಿಕ್ಕಿದ್ದ. ಈ ಜೊತೆಗಾರ ಮಾಗಡಿಗೆ ವರ್ಗವಾಗುವವನೂ ಅಲ್ಲ.

ದಿನವೂ ಫೋಟೋದ ಕೆಳಗೆ 'ಊಟ ಆಯ್ತಾ?' ಎಂದು ಬರೆಯುತ್ತಿದ್ದಳು. ನಗು ತಡೆಯಲಾಗದೆ ಫೋನಿನಲ್ಲಿ ಕೇಳಿದೆ, "ಮಿಷಿನ್ನು ಊಟ ಮಾಡುತ್ತಾ ಅತ್ತೆ?"

"ಮಾಡಲ್ಲ ಅಂತ ನಂಗೊತ್ತಿಲ್ವಾ? ಮೂವತ್ತು ವರ್ಷ ಆ ಕಿಟ್ಕಿ ಒಳಗೆ ಕೂತಿದ್ದೆ. ಬಸ್ ಎಷ್ಟೊತ್ಗೆ ಅಂತ ಊರೆಲ್ಲ ಕೇಳ್ತು, ಊಟ ಆಯ್ತಾ ಅಂತ ಒಬ್ರೂ ಕೇಳ್ಳಿಲ್ಲ. ನಾನಾದ್ರೂ ಕೇಳಾನ ಅಂತ."

ನನ್ನ ನಗು ಅಲ್ಲಿಗೆ ನಿಂತಿತು. ಆದರೂ ಭಾನುವಾರ ಹೋಗಲಿಲ್ಲ.

ಬಾಟ್‌ಗೆ ಸತತ ಮೂರು ಸಲ ಅರ್ಥವಾಗದಿದ್ದರೆ ಸಾಹುಕಾರರ ಫೋನಿಗೆ ಒಂದು ಸೂಚನೆ, ಜೊತೆಗೆ ಗ್ರಾಹಕರು ಕಳಿಸಿದ ಚಿತ್ರ ಹೋಗಬೇಕೆಂದು ಒಂದು ಶುಕ್ರವಾರ ನಾನೇ ಏರ್ಪಾಡು ಮಾಡಿದೆ. ಸೂಚನೆಯ ಒಕ್ಕಣೆಯೂ ನನ್ನದೇ: 'ಈ ಗ್ರಾಹಕರಿಗೆ ಮನುಷ್ಯರು ಬೇಕಾಗಿದ್ದಾರೆ.' ಮರುದಿನ ಶನಿವಾರ ಸಾಹುಕಾರರು ಕೆಂಗಲ್ ಆಂಜನೇಯನ ಗುಡಿಯಿಂದ ನೇರ ನನ್ನ ಮೇಜಿನ ಹತ್ತಿರ ಬಂದರು. ಹಣೆಯ ಮೇಲಿನ ಕುಂಕುಮಕ್ಕಿಂತ ಮುಖವೇ ಕೆಂಪಾಗಿತ್ತು.

"ಏನ್ಲಾ ಇದು? ಮಂಗಳಾರತಿ ತಗೋತಾ ಇವ್ನಿ, ಕುಂಯ್ ಅಂತ ಮುದ್ದೆ ಬಂತು. ಕೈ ಮುಗೀತಾ ಇವ್ನಿ, ಬೆಕ್ಕು ಬಂತು. ಯಾರ್ಲಾ ಈ ಗಿರಾಕಿ? ಒಂದು ಬುಗುರಿನಾದ್ರೂ ತಗಂಡವ್ರಾ?"

"ಇಲ್ಲಣ್ಣ."

"ತೆಗೆದಾಕು ಆ ನಂಬರ್ನ."

ಅದು ನಮ್ಮ ಅತ್ತೆ ಎನ್ನಬಹುದಿತ್ತು. ಎನ್ನಲಿಲ್ಲ. ಒಂದು ಬಟನ್ ಒತ್ತಿ ತೆಗೆದುಹಾಕಿದೆ.

ಬುಧವಾರ ಮಧ್ಯಾಹ್ನ ಅತ್ತೆಯ ಫೋನು ಬಂತು. ದನಿ ಸಣ್ಣದಾಗಿತ್ತು.

"ಕೆಲ್ಸದಲ್ಲಿದ್ದೀಯಾ ಮಗ? ಒಸಿ ಕೇಳ್ಬೇಕಿತ್ತು. ನಾಕು ದಿನದಿಂದ ಅಲ್ಲಿಂದ ಏನೂ ಬರ್ತಾ ಇಲ್ಲ ಕಣ್ಲಾ. ಶನಿವಾರ ಅನ್ನೋದು ಮರ್ತು ಮೀನ್ ಸಾರು ಕಳಿಸ್ಬುಟ್ಟಿದ್ದೆ. ಅದುಕ್ಕೇನಾದ್ರೂ ಬೇಜಾರಾಯ್ತಾ?"

"ಮಿಷಿನ್ನಿಗೆ ಬೇಜಾರಾಗಲ್ಲ ಅತ್ತೆ."

"ಹಂಗಾರೆ ಸರಿ." ಆಮೇಲೆ ಅಂದಳು, "ನಿಂಗೆ ನನ್ ಮ್ಯಾಲೆ ಬೇಜಾರೇನಿಲ್ವಲ್ಲ?"

ಇಲ್ಲ ಅತ್ತೆ ಎಂದು ಫೋನಿಟ್ಟೆ. ಸಾಹುಕಾರರಿಗೆ ಹೇಳಿ ಬೇಗ ಹೊರಟೆ, ಮನೆಗೆ ಹೋಗಿ ಏಳೂ ಡಬ್ಬಿಗಳನ್ನು ಒಂದು ಚೀಲಕ್ಕೆ ತುಂಬಿಕೊಂಡು ರೈಲು ಹತ್ತಿದೆ. ಕಾಲಿಟ್ಟಲ್ಲೆಲ್ಲ ಡಬ್ಬಿಗಳು ಗಲಗಲ ಎನ್ನುತ್ತಿದ್ದವು, ಜನ ತಿರುಗಿ ನೋಡುತ್ತಿದ್ದರು. ರಾಮನಗರದಲ್ಲಿ ಇಳಿದಾಗ ಎದುರಿಗೇ ಬೇಕರಿ ಇತ್ತು. ಇಲ್ಲಿ ನಿಂತರೆ ಏನು ಕೊಳ್ಳಲಿ, ಏಳಕ್ಕೂ ಸಾಕಾದೀತೆ ಎಂದು ಯೋಚಿಸುತ್ತಾ ಮತ್ತೆ ಭಾನುವಾರಕ್ಕೆ ಮುಂದೂಡಿಬಿಡುತ್ತೇನೆ ಎಂದು ಭಯವಾಯಿತು. ನಿಲ್ಲಲಿಲ್ಲ.

ಅತ್ತೆ ಬಾಗಿಲು ತೆಗೆದಳು. ಅವಳು ತೆಳ್ಳಗಾಗಿದ್ದಳು, ಅಷ್ಟೊಂದು ಫೋಟೋಗಳಲ್ಲಿ ಅವಳ ಮುಖ ಒಂದರಲ್ಲೂ ಇರಲಿಲ್ಲ. ನನ್ನ ಕೈಯಿಂದ ಚೀಲ ಇಸಿದುಕೊಂಡು ಡಬ್ಬಿಗಳನ್ನು ಒಂದೊಂದಾಗಿ ತೆಗೆದಳು, ಮುಚ್ಚಳ ಬಿಚ್ಚಿ ನೋಡಿದಳು.

"ಖಾಲಿ ತಂದುಬಿಟ್ಟೆ ಅತ್ತೆ," ಎಂದೆ.

"ಇದುಕ್ಕಾ ನೀವು ಇಷ್ಟು ದಿನ ಬರ್ದಲೇ ಇದ್ದುದ್ದು?"

ಹೌದೆಂದು ತಲೆಯಾಡಿಸಿದೆ. ಅವಳು ಕೊನೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಳು. ನಂಬರು ತೆಗೆದದ್ದು ನಾನೇ ಎಂದು ಅದನ್ನೂ ಹೇಳಿಬಿಟ್ಟೆ. ನಾಳೆ ಸಾಹುಕಾರರಿಗೆ ಹೇಳಿ ಮತ್ತೆ ಸೇರಿಸುತ್ತೇನೆ ಎಂದೆ.

"ಬ್ಯಾಡ ಬುಡು. ಪಾಪ, ಅದುಕ್ಕೂ ಒಸಿ ರಜ ಸಿಗ್ಲಿ," ಎಂದು ಎದ್ದು ಮುದ್ದೆಗೆ ಎಸರಿಟ್ಟಳು.

ಎರಡು ತಟ್ಟೆ ಹಾಕಿ ಬಡಿಸಿದಳು. ಅಂದು ಫೋಟೋ ತೆಗೆಯಲಿಲ್ಲ. ಹೊರಡುವಾಗ ನೋಡುತ್ತೇನೆ, ಚೀಲ ತುಂಬಿ ಭಾರವಾಗಿದೆ, ಏಳೂ ಡಬ್ಬಿಗಳು ಮತ್ತೆ ಅದರಲ್ಲಿವೆ. ಮೆಟ್ಟಿಲವರೆಗೆ ಬಂದು ನನ್ನ ತೋಳು ಹಿಡಿದುಕೊಂಡಳು.

"ಎಲ್ಲಾ ಒಟ್ಗೆ ತರ್ಬ್ಯಾಡ ಕಣ್ಲಾ. ಒಂದೊಂದೇ ತಕ್ಕಂಬಾ. ಖಾಲಿನೇ ತಾ."